ಎರಡು ಸೀಮೆಯ ನೀರು

ತುಮಕೂರಿನಿಂದ ಉತ್ತರಾಭಿಮುಖವಾಗಿ ಹೊರಟ ಪ್ರಯಾಣಿಕನು ಕೊರಟಗೆರೆಯನ್ನೂ ಮಧುಗಿರಿಯ ಏಕಶಿಲಾ ದುರ್ಗವನ್ನೂ ದಾಟಿ ಪಾವಗಡದ ಹಾದಿಯನ್ನು ಹಿಡಿದನಾದರೆ, ನಡುವೆ ಕೆಲವು ಮೈಲಿಗಳ ದೂರ ಆತನು ಕರ್ನಾಟಕದಲ್ಲಿರುವುದಿಲ್ಲ. ಅಂಗಡಿಗಳ ಫಲಕಗಳು ತೆಲುಗಾಗುತ್ತವೆ. ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡವಾಗುತ್ತವೆ. ಬಸ್ಸಿನಲ್ಲಿ ಕುಳಿತವರ ಮಾತಿನಲ್ಲಿ ಮಾತ್ರ ಅಂಥ ವ್ಯತ್ಯಾಸವೇನೂ ತೋರದು. ಒಂದು ಭಾಷೆಯಲ್ಲಿ ಆರಂಭಿಸಿದ ವಾಕ್ಯವನ್ನು ಇನ್ನೊಂದರಲ್ಲಿ ಮುಗಿಸುವುದು ಆ ಸೀಮೆಯವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಪಾವಗಡದ ತಾಲ್ಲೂಕು ತನ್ನ ಜಿಲ್ಲೆಯಿಂದ ಬೇರೆಯಾಗಿ, ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿಯಲ್ಪಟ್ಟಿದೆ. ಹೆಣ್ಣು ಕೊಟ್ಟು ತರುವುದು, ಸಂತೆಗೆ ದನ ಹೊಡೆಯುವುದು, ಸಾಲ ಕೊಡುವುದು, ಸಾಲ ಮುಳುಗಿಸುವುದು, ಇವೆಲ್ಲವೂ ಗಡಿಯ ಆಚೆಗೂ ಈಚೆಗೂ ಯಾವ ಸರಕಾರದ ಅಪ್ಪಣೆಯನ್ನೂ ಕಾಯದೆ ನಡೆದುಬಂದಿವೆ. ಅಪ್ಪಣೆಯನ್ನು ಕಾಯಬೇಕಾಗಿ ಬಂದದ್ದು ನೀರೊಂದೇ.

ಈ ನಾಲ್ಕು ತಾಲ್ಲೂಕುಗಳಲ್ಲಿ ತುಂಬಿ ಹರಿಯುವ ಮಹಾನದಿ ಯಾವುದೂ ಇಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳನ್ನು ಹಾಯ್ದು ಆಂಧ್ರಕ್ಕೆ ಹೋಗಿ ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನಂದಿಯ ಸೀಮೆಯಿಂದ ಗೌರಿಬಿದನೂರಿನ ಮಾರ್ಗವಾಗಿ ಬರುವ ಆ ಪಿನಾಕಿನಿಯೋ, ಆಂಧ್ರವನ್ನು ಹೊಕ್ಕು, ಮತ್ತೆ ಪಾವಗಡದ ನಾಗಲಮಡಿಕೆಯ ಬಳಿ ಕರ್ನಾಟಕಕ್ಕೆ ಮುಖ ತೋರಿಸಿ, ಪುನಃ ಆಂಧ್ರಕ್ಕೇ ಹೊರಟುಹೋಗುತ್ತದೆ. ಸಿರಾ ಸೀಮೆಯ ಹಳ್ಳಗಳಲ್ಲಿ ಹರಿಯುವ ನೀರು ವೇದಾವತಿಯ ಪಾಲು; ಅದು ತುಂಗಭದ್ರೆಯ ಮೂಲಕ ಕೃಷ್ಣೆಗೆ ಸಲ್ಲುತ್ತದೆ. ಇವು ಸಾಲದೆಂದು ಹೇಮಾವತಿಯ ನೀರು ಕಾಲುವೆಯ ದಾರಿಯಿಂದ ಕಳ್ಳಂಬೆಳ್ಳದ ಕೆರೆಗೂ ಸಿರಾದ ಕೆರೆಗೂ ಬಂದಿದೆ. ಅದು ಕಾವೇರಿಯ ಪಾಲು. ಹೀಗೆ ಒಂದು ಹಗಲಿನಲ್ಲಿ ಸುತ್ತಿ ಬರಬಹುದಾದ ಸೀಮೆಯಲ್ಲಿ ಮೂರು ನದಿಗಳ ಲೆಕ್ಕ ನಡೆಯುತ್ತದೆ. ಸಿರಾದ ಗೃಹಿಣಿಯೊಬ್ಬಳು ನಲ್ಲಿಯಿಂದ ಕೊಡ ತುಂಬಿಕೊಳ್ಳುವಾಗ, ಆ ಕೊಡವು 2018ರ ಫೆಬ್ರವರಿ 16ರಂದು ದೆಹಲಿಯ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ ವಿಧಿಸಿದ 284.75 ಟಿ.ಎಂ.ಸಿ.ಯೊಳಗಿನ ಒಂದು ಕೊಡವೆಂಬುದನ್ನು ಆಕೆ ಅರಿತಿರಬೇಕಾದ ಅಗತ್ಯವಿಲ್ಲ. ಆದರೆ ಆ ಊರಿನಲ್ಲಿ ಬಂಡವಾಳ ಹೂಡಿ ಕೈಗಾರಿಕೆಯೊಂದನ್ನು ನಿಲ್ಲಿಸಹೊರಟವನು ಅರಿಯದಿದ್ದರೆ ಕೆಡುತ್ತಾನೆ.

ಈ ಲೆಕ್ಕದ ಮೊದಲ ಪುಟ ತೆರೆದದ್ದು 1892ರಲ್ಲಿ. ಆ ವರ್ಷದ ಫೆಬ್ರವರಿ 18ರಂದು ಮೈಸೂರು ಸಂಸ್ಥಾನಕ್ಕೂ ಮದರಾಸು ಸರಕಾರಕ್ಕೂ ಒಂದು ಕರಾರಾಯಿತು. ಪಟ್ಟಿಯಲ್ಲಿ ಹೆಸರಿಸಿದ ನದಿಗಳ ಮೇಲೆ ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಕಟ್ಟಡಗಳನ್ನು ಕಟ್ಟತಕ್ಕದ್ದಲ್ಲ ಎಂಬುದು ಅದರ ಸಾರ. ಕಾವೇರಿ, ತುಂಗಭದ್ರೆಗಳಂಥ ದೊಡ್ಡ ಹೆಸರುಗಳ ನಡುವೆ ವೇದಾವತಿಯ ಹೆಸರೂ ಉತ್ತರ ಪಿನಾಕಿನಿಯ ಹೆಸರೂ ಆ ಪಟ್ಟಿಯಲ್ಲಿದ್ದುವು. ಮೇಲ್ಭಾಗದವನ ಕೈಯನ್ನು ಕಟ್ಟಿ ಕೆಳಭಾಗದವನ ಗದ್ದೆಯನ್ನು ಕಾಯುವ ಈ ಕರಾರನ್ನು ಮೈಸೂರಿನವರು ಅನ್ಯಾಯವೆಂದು ದೂರುತ್ತ ಬಂದದ್ದು ಸಹಜ. ಆದರೂ ಅದನ್ನು ಸಾವಧಾನದಿಂದ ಓದಿದವರಿಗೆ ಇನ್ನೊಂದು ಮುಖವೂ ಕಾಣುತ್ತದೆ. ಈಗಾಗಲೇ ಸಂಪಾದಿತವಾಗಿ ರೂಢಿಯಲ್ಲಿರುವ ಹಕ್ಕಿನ ರಕ್ಷಣೆಗಾಗಿಯಲ್ಲದೆ ಮದರಾಸು ತನ್ನ ಸಮ್ಮತಿಯನ್ನು ನಿರಾಕರಿಸಕೂಡದೆಂದೂ, ಭಿನ್ನಾಭಿಪ್ರಾಯ ಬಂದರೆ ಪಂಚಾಯಿತರಿಗೆ ಒಪ್ಪಿಸತಕ್ಕದ್ದೆಂದೂ ಅದರಲ್ಲಿ ಉಂಟು. ಒಂದು ದೇಶೀಯ ಸಂಸ್ಥಾನವೂ ಬ್ರಿಟಿಷರ ಒಂದು ಪ್ರಾಂತವೂ ಕೂತು ನೀರಿನ ವಿಷಯದಲ್ಲಿ ಇಷ್ಟನ್ನು ಬರೆದು ಒಪ್ಪಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಪ್ರಪಂಚದ ರಾಷ್ಟ್ರಗಳೆಲ್ಲ ಸೇರಿ ಗಡಿ ದಾಟುವ ನದಿಗಳಿಗೆ ಸಾಮಾನ್ಯ ನಿಯಮಗಳನ್ನು ರಚಿಸಿದ್ದು 1997ರಲ್ಲಿ. ಅವು ಜಾರಿಗೆ ಬಂದದ್ದು 2014ರಲ್ಲಿ. ಇಂಡಿಯಾ ದೇಶವು ಆ ನಿಯಮಗಳಿಗೆ ಇನ್ನೂ ಸಹಿಯನ್ನೇ ಹಾಕಿಲ್ಲ.

ಕರಾರಿನ ಒಂದು ಉಪವಾಕ್ಯವು ಈ ಸೀಮೆಯ ಮಟ್ಟಿಗೆ ವಿಶೇಷವಾದದ್ದು. ಹಿಂದೆಂದೂ ಇಲ್ಲದ ಕೆರೆಯನ್ನು ಕಟ್ಟಿದರೆ ಅದು 'ಹೊಸದು' ಎಂಬುದು ಸರಿಯೇ. ಹಿಂದೆ ಇದ್ದು, ಪಾಳುಬಿದ್ದು, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಳಕೆ ತಪ್ಪಿದ ಕೆರೆಯನ್ನು ಮತ್ತೆ ಕಟ್ಟಿದರೂ ಅದು 'ಹೊಸದೇ' ಎಂದು ಕರಾರು ಹೇಳಿತು. ಕೆರೆಯನ್ನು ಜೀರ್ಣೋದ್ಧಾರ ಮಾಡಬಹುದು, ಕೋಡಿಯನ್ನೂ ಎತ್ತರಿಸಬಹುದು. ಆದರೆ ಹಿಂದಿನಷ್ಟೇ ನೀರು ನಿಲ್ಲಬೇಕು, ಇಲ್ಲವೆ ಹಿಂದಿನಷ್ಟೇ ಭೂಮಿ ನೆನೆಯಬೇಕು. ಹಳ್ಳಿಗೊಂದು ಕೆರೆಯಂತೆ ಒಂದರ ಕೋಡಿ ಇನ್ನೊಂದರ ಮಡಿಲಿಗೆ ಬೀಳುವಂತೆ ಕಟ್ಟಿಕೊಂಡು ಬಂದ ನಾಡಿನಲ್ಲಿ, ಏರಿ ಒಡೆದ ಕೆರೆಗೆ ಹೀಗೆ ಒಂದು ವಾಯಿದೆ ಬಿದ್ದಿತು. ಮಗನ ಕಾಲಕ್ಕೆ ಏರಿಯನ್ನು ಕಟ್ಟದಿದ್ದರೆ ಮೊಮ್ಮಗನ ಕಾಲಕ್ಕೆ ಅದು ತಾತನ ಆಸ್ತಿಯಲ್ಲ. ಮದರಾಸಿನ ಸಮ್ಮತಿಯನ್ನು ಬೇಡತಕ್ಕ ಹೊಸ ಕಟ್ಟಡ. ಸ್ವಾತಂತ್ರ್ಯ ಬಂದು, 1953ರಲ್ಲಿ ಆಂಧ್ರವು ಬೇರೆಯಾಗಿ, ಅನಂತಪುರವು ಮದರಾಸಿನ ಕೈಬಿಟ್ಟುಹೋದರೂ ಕರಾರು ಅಳಿದುಹೋಗಲಿಲ್ಲ. ದಕ್ಷಿಣ ಪಿನಾಕಿನಿಯ ವಿಷಯದಲ್ಲಿ 2018ರಲ್ಲಿ ತಮಿಳುನಾಡು ಸರ್ವೋಚ್ಚ ನ್ಯಾಯಾಲಯದ ಮೆಟ್ಟಲು ಹತ್ತಿದಾಗಲೂ ಅದರ ಕೈಯಲ್ಲಿದ್ದದ್ದು ಇದೇ 1892ರ ಕಾಗದ.

ಈ ಕಾಗದಗಳಲ್ಲಿ ಬೇಸಾಯಗಾರನ ಹೆಸರುಂಟು, ಸರಕಾರಗಳ ಹೆಸರುಂಟು. ವರ್ತಕನ ಹೆಸರು ಎಲ್ಲಿಯೂ ಇಲ್ಲ. ನೀರೆಂದರೆ ಗದ್ದೆ, ಗದ್ದೆಯೆಂದರೆ ಕಂದಾಯ, ಅಲ್ಲಿಗೆ ವಿಷಯ ಮುಗಿಯಿತು ಎಂಬ ಭಾವನೆ ಆ ಕಾಲದ್ದು. ಆದರೆ ಪಾವಗಡದ ಪೇಟೆಯಲ್ಲಿ ಕಡಲೆಕಾಯಿಯ ವ್ಯಾಪಾರದಿಂದ ಮನೆ ನಡೆಸಿದ ಹಳೆಯ ಶೆಟ್ಟರೊಬ್ಬರ ದೃಷ್ಟಿಯಿಂದ ಇದನ್ನೇ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಈ ಶೆಟ್ಟರು ಯಾವ ಒಬ್ಬ ವ್ಯಕ್ತಿಯೂ ಅಲ್ಲ. ಅಂಥವರು ಸಿರಾದಲ್ಲಿಯೂ ಮಧುಗಿರಿಯಲ್ಲಿಯೂ ಉಂಟು. ಮೂವರ ನಾಲ್ವರ ಮಾತನ್ನು ಒಬ್ಬರ ಬಾಯಿಯಲ್ಲಿಟ್ಟರೆ ವಾಚಕರು ಅಡ್ಡಿಮಾಡಲಾರರು.

ಶೆಟ್ಟರಿಗೆ ಬಾವಿಯ ನೀರು ಬೇಕಾದದ್ದು ಕುಡಿಯುವುದಕ್ಕೂ ಗಿರಣಿಯ ಆಳುಗಳ ಕೈಕಾಲು ತೊಳೆಯುವುದಕ್ಕೂ ಮಾತ್ರ. ಕಡಲೆಕಾಯಿಯನ್ನು ಒಡೆದು ಎಣ್ಣೆ ತೆಗೆಯುವುದಕ್ಕೆ ಹೊಳೆಯೇನೂ ಹರಿಯಬೇಕಾಗಿಲ್ಲ. ಆದರೂ ಅವರ ವ್ಯಾಪಾರವೆಲ್ಲ ನೀರಿನ ವ್ಯಾಪಾರವೇ. ಮುಂಗಾರಿನಲ್ಲಿ ಬೀಜಕ್ಕೆಂದು ರೈತನಿಗೆ ಮುಂಗಡ ಕೊಟ್ಟರೆ, ಅದು ಹಿಂದಿರುಗುವುದು ಶ್ರಾವಣ ಭಾದ್ರಪದಗಳ ಎರಡು ಮೂರು ಮಳೆಗಳ ಮೇಲೆ. ವರ್ಷಕ್ಕೆ ಐದುನೂರು ಆರುನೂರು ಮಿಲ್ಲಿಮೀಟರು ಬಿದ್ದರೆ ಹೆಚ್ಚೆನ್ನುವ ನೆಲದಲ್ಲಿ, ಕಾಯಿ ಕಟ್ಟುವ ವಾರದಲ್ಲಿ ಒಂದು ಮಳೆ ತಪ್ಪಿದರೆ ಬಳ್ಳಿ ಉಳಿಯುತ್ತದೆ, ಕಾಯಿ ಜೊಳ್ಳಾಗುತ್ತದೆ. ರೈತನು ಬೆಂಗಳೂರಿಗೆ ಕೂಲಿಗೆ ಹೋಗುತ್ತಾನೆ. ಶೆಟ್ಟರ ಖಾತೆಯಲ್ಲಿ ಬಾಕಿ ನಿಲ್ಲುತ್ತದೆ. ಅವರ ಹಿಂದಿನವರ ಖಾತೆಯ ಪುಸ್ತಕಗಳು ಮರದ ಪೆಟ್ಟಿಗೆಯಲ್ಲಿ ಇನ್ನೂ ಇವೆ. ಯಾವ ವರ್ಷ ಬರ, ಯಾವ ವರ್ಷ ಮಳೆ ಎಂಬುದನ್ನು ತಿಳಿಯಲು ಮಳೆಯ ಅಳತೆಯ ದಾಖಲೆಗಳನ್ನು ಹುಡುಕಬೇಕಾಗಿಲ್ಲ. ಆ ಪುಸ್ತಕಗಳಲ್ಲಿ ವಸೂಲಿಯ ಅಂಕಣವನ್ನು ನೋಡಿದರೆ ಸಾಕು.

"ನೀರು ಕಡಿಮೆ ಅಂತ ಯಾರೂ ಹಾಳಾಗಲಿಲ್ಲ ಗೌಡರೆ, ಬರುತ್ತೋ ಇಲ್ಲವೋ ಗೊತ್ತಿಲ್ಲದೆ ಹಾಳಾದರು" ಎಂದು ಅವರು ತಮ್ಮ ಹಳೆಯ ಗಿರಾಕಿಯೊಬ್ಬರಿಗೆ ಹೇಳುವುದುಂಟು. ವ್ಯಾಪಾರದ ದೃಷ್ಟಿಯಿಂದ ಇದು ಯಥಾರ್ಥವಾದ ಮಾತು. ಕಡಿಮೆ ನೀರಿಗೆ ತಕ್ಕಂತೆ ಕಸುಬನ್ನು ಹೊಂದಿಸಿಕೊಳ್ಳಬಹುದು. ಈ ಸೀಮೆಯ ಕಂಬಳಿ ನೇಯುವವರೂ ಕುರಿ ಸಾಕುವವರೂ ತಲೆತಲಾಂತರದಿಂದ ಹಾಗೆಯೇ ಮಾಡಿಕೊಂಡು ಬಂದರು. ಈ ವರ್ಷ ಎಷ್ಟು, ಮುಂದಿನ ವರ್ಷ ಎಷ್ಟು, ಕೊಡುವವರಾರು, ತಡೆಯುವವರಾರು ಎಂಬುದು ತಿಳಿಯದಿದ್ದರೆ ಮಾತ್ರ ಬುದ್ಧಿವಂತನು ಹಣವನ್ನು ಪೆಟ್ಟಿಗೆಯಿಂದ ಹೊರತೆಗೆಯುವುದಿಲ್ಲ. ನೆರೆಹೊರೆಯ ಸರಕಾರಗಳು ನೀರಿನ ಬಗ್ಗೆ ಒಡಂಬಡಿಕೆ ಮಾಡಿಕೊಂಡರೆ ವರ್ತಕನಿಗೆ ದೊರೆಯುವುದು ನೀರಲ್ಲ, ನಂಬಿಕೆ. ಅದು ಜಿಪುಣ ಒಡಂಬಡಿಕೆಯಾಗಿದ್ದರೂ ಸರಿಯೆ.

ಇದಕ್ಕೆ ಪ್ರತ್ಯಕ್ಷ ಪ್ರಮಾಣವು ಶೆಟ್ಟರ ಕಣ್ಣೆದುರಿಗೇ ಗಡಿಯ ಎರಡು ಕಡೆಗಳಲ್ಲಿ ನಿಂತಿದೆ.

ಪಾವಗಡದಿಂದ ಪೂರ್ವಕ್ಕೆ ನಲವತ್ತು ಐವತ್ತು ಕಿಲೋಮೀಟರು ಹೋದರೆ ಪೆನುಕೊಂಡೆ, ವಿಜಯನಗರದ ಅರಸರು ಹಂಪೆ ಹಾಳಾದ ಮೇಲೆ ಬಂದು ನಿಂತ ಊರು. ಅದರ ಬಳಿ ಕೊರಿಯಾ ದೇಶದ ಕಿಯಾ ಎಂಬ ಕಂಪನಿಯವರು ಮೋಟಾರು ಕಾರಿನ ದೊಡ್ಡ ಕಾರ್ಖಾನೆಯನ್ನು ಕಟ್ಟಿ, 2019ರಲ್ಲಿ ಕಾರುಗಳನ್ನು ಹೊರಗೆ ತಂದರು. ಅನಂತಪುರದ ಸೀಮೆ ಬರಕ್ಕೆ ಹೆಸರಾದದ್ದು. ಪಾವಗಡಕ್ಕಿಂತ ಹೆಚ್ಚು ಮಳೆ ಅಲ್ಲಿಯೂ ಬೀಳುವುದಿಲ್ಲ. ಅಲ್ಲಿಗೆ ಕೊರಿಯಾದವರು ಬರುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಗೊಲ್ಲಪಲ್ಲಿಯ ಜಲಾಶಯವೂ ಒಂದು. ಕೃಷ್ಣೆಯ ನೀರನ್ನು ಶ್ರೀಶೈಲದಿಂದ ಎತ್ತಿ, ನೂರಾರು ಮೈಲಿ ಹರಿಸಿ ತರುವ ಹಂದ್ರಿ–ನೀವಾ ಕಾಲುವೆಯು ಆ ಜಲಾಶಯವನ್ನು ತುಂಬುತ್ತದೆ. ಇಷ್ಟು ನೀರು ಕೊಡುತ್ತೇವೆಂದು ಸರಕಾರವು ಹೇಳಿತು. ಕಂಪನಿಯವರು ನಂಬಿ ಹಣ ಸುರಿದರು.

ಗಡಿಯ ಈಚೆಗೆ, ನಾಗಲಮಡಿಕೆಯ ಹೋಬಳಿಯಲ್ಲಿ, ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವ ಫಲಕಗಳು ಹಾಸಿಬಿದ್ದಿವೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ, ಮುಂದೆ 2,050 ಮೆಗಾವಾಟಿಗೆ ಏರಿದ ಈ ಸೌರೋದ್ಯಾನದಲ್ಲಿ ಫಿನ್ಲೆಂಡಿನ ಕಂಪನಿಯೂ ಹಣ ಹೂಡಿತು. ಜಮೀನನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ರೈತರಿಂದ ಗುತ್ತಿಗೆಗೆ ಪಡೆದರು. ಈ ಏರ್ಪಾಡು ಹಲವು ಕಡೆ ಹೊಗಳಿಕೆಗೆ ಪಾತ್ರವಾಗಿದೆ, ಹೊಗಳಬೇಕಾದದ್ದೇ. ಆದರೆ ಕಾರಣವನ್ನು ಮರೆಯಬಾರದು. ಆಚೆಗೆ ಕಾರ್ಖಾನೆ ಬಂದದ್ದು ನೀರು ಬಂದದ್ದರಿಂದ. ಈಚೆಗೆ ಫಲಕಗಳು ಬಂದದ್ದು ನೀರು ಬಾರದ್ದರಿಂದ. ಆಚೆಗೆ ಸಾವಿರಾರು ಮಂದಿಗೆ ಕೆಲಸವಾಯಿತು. ಈಚೆಗೆ ಜಮೀನಿದ್ದವನಿಗೆ ಗುತ್ತಿಗೆಯ ಹಣ ಬಂದಿತು, ಜಮೀನಿಲ್ಲದೆ ಕಳೆ ಕೀಳುತ್ತಿದ್ದ ಹೆಂಗಸಿಗೆ ಇದ್ದ ಕೆಲಸವೂ ಹೋಯಿತು. ಶೆಟ್ಟರ ಮಂಡಿಗೆ ಆ ಗ್ರಾಮಗಳಿಂದ ಬರುತ್ತಿದ್ದ ಕಾಯಿಯ ಗಾಡಿಗಳು ನಿಂತುವು. ಒಬ್ಬ ರೈತರು ಗುತ್ತಿಗೆಯ ಹಣದಲ್ಲಿ ಹಳೆಯ ಬಾಕಿಯನ್ನು ತಂದು ಕಟ್ಟಿ, "ಇನ್ನು ನಮ್ಮ ನಿಮ್ಮ ಲೆಕ್ಕ ಮುಗೀತು ಶೆಟ್ಟರೆ" ಎಂದು ನಗುತ್ತ ಹೋದಾಗ, ವಸೂಲಾದ ಸಂತೋಷಕ್ಕಿಂತ ಬೇರೆ ಏನೋ ಒಂದು ಶೆಟ್ಟರ ಮನಸ್ಸಿನಲ್ಲಿ ಉಳಿಯಿತು. ಫಲಕಗಳ ಮೇಲೆ ಕೂತ ಧೂಳನ್ನು ತೊಳೆಯಲೂ ನೀರು ಬೇಕೆಂಬುದು ಅವರಿಗೆ ಅನಂತರ ತಿಳಿದು, ಅದನ್ನು ನಾಲ್ಕಾರು ಮಂದಿಗೆ ಹೇಳಿಕೊಂಡು ನಕ್ಕರು.

ಇಲ್ಲಿ ಒಂದು ವಿನೋದವನ್ನು ಹೇಳದೆ ಬಿಡುವಂತಿಲ್ಲ. ನಾಗಲಮಡಿಕೆಯ ಕೆಳಗೆ, ಆಂಧ್ರದಲ್ಲಿ, ಪೇರೂರಿನ ಅಣೆಕಟ್ಟು ಇದೆ. ಪಿನಾಕಿನಿ ಹರಿಯದೆ ಅದು ಬಹುಕಾಲ ಒಣಗಿ ನಿಂತಿತ್ತು. ಇತ್ತೀಚಿನ ವರ್ಷಗಳಲ್ಲಿ ಆಂಧ್ರದವರು ಹಂದ್ರಿ–ನೀವಾದ ನೀರನ್ನು ಪೇರೂರಿಗೆ ಮುಟ್ಟಿಸಲೆಂದು ಪಿನಾಕಿನಿಯ ಪಾತ್ರಕ್ಕೇ ಬಿಟ್ಟಾಗ, ಆ ನೀರು ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಕಟ್ಟೆಯನ್ನು ಹಾಯ್ದೇ ಹೋಗಬೇಕಾಯಿತು. ಬೇರೆಯವರಿಗೆಂದು ಹೊರಟ ನೀರು ತಮ್ಮ ಊರಿನಲ್ಲಿ ಹರಿಯುವುದನ್ನು ಕಂಡು ಸುತ್ತಲಿನ ಜನರು ಹಿಗ್ಗಿದರು; ಬಾವಿಗಳ ಒರತೆ ಏರುವುದೆಂಬ ಆಸೆ ಮೂಡಿತು. ಆ ನೀರಿನ ಜಾಡನ್ನು ಹಿಂದಕ್ಕೆ ಹಿಡಿದುಹೋದರೆ ಶ್ರೀಶೈಲ, ಶ್ರೀಶೈಲದ ಹಿಂದೆ ಕೃಷ್ಣೆ, ಕೃಷ್ಣೆಗೆ ತುಂಗಭದ್ರೆ, ತುಂಗಭದ್ರೆಗೆ ವೇದಾವತಿ, ವೇದಾವತಿಗೆ ಸಿರಾದ ಹಳ್ಳಗಳು. ಸಿರಾದಲ್ಲಿ ಬಿದ್ದ ಮಳೆಯ ಹನಿಯೊಂದು ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಹರಿದುಹೋದದ್ದಾದರೆ, ಬಳ್ಳಾರಿಯನ್ನೂ ಕರ್ನೂಲನ್ನೂ ಸುತ್ತಿ, ಯಂತ್ರಗಳಿಂದ ಮೇಲಕ್ಕೆತ್ತಿಸಿಕೊಂಡು, ಪರರಾಜ್ಯದ ಔದಾರ್ಯವೆಂಬ ಹೆಸರಿನಲ್ಲಿ ಪಕ್ಕದ ತಾಲ್ಲೂಕಾದ ಪಾವಗಡಕ್ಕೆ ಬಂದೀತು. ಇದು ಉತ್ಪ್ರೇಕ್ಷೆಯೆನಿಸಿದರೂ ಭೂಗೋಳಕ್ಕೆ ವಿರುದ್ಧವಲ್ಲ. ಇಷ್ಟಾಗಿಯೂ ಆ ನೀರು ಬಂದದ್ದು ಕರಾರಿನ ಬಲದಿಂದಲ್ಲ, ನದಿಯ ಪಾತ್ರವು ಹಾಗೆ ತಿರುಗಿದ್ದರಿಂದ. ಉತ್ತರ ಪಿನಾಕಿನಿಗೆ ಕೃಷ್ಣೆ ಕಾವೇರಿಗಳಿಗಿರುವಂತೆ ನ್ಯಾಯಮಂಡಲಿಯ ತೀರ್ಪಿಲ್ಲ. ಮುಂದಿನ ವರ್ಷ ಬಿಡದಿದ್ದರೆ ಕೇಳುವ ಹಕ್ಕು ನಾಗಲಮಡಿಕೆಯವರಿಗಿಲ್ಲ. ಜಾತ್ರೆಯ ದಿನ ಸಿಕ್ಕ ಊಟವನ್ನು ನಂಬಿ ಯಾರೂ ಮನೆಯ ಒಲೆಯನ್ನು ಆರಿಸುವುದಿಲ್ಲ.

ಕರ್ನಾಟಕ ಸರಕಾರವೂ ಸುಮ್ಮನಿಲ್ಲ. ತುಂಗೆಯಿಂದ 17.4 ಟಿ.ಎಂ.ಸಿ. ನೀರನ್ನು ಭದ್ರೆಗೆತ್ತಿ, ಭದ್ರೆಯಿಂದ 29.9 ಟಿ.ಎಂ.ಸಿ.ಯನ್ನು ಬಯಲುಸೀಮೆಗೆ ಹರಿಸುವ ಭದ್ರಾ ಮೇಲ್ದಂಡೆಯ ಯೋಜನೆಯಲ್ಲಿ ಸಿರಾಕ್ಕೂ ಪಾವಗಡಕ್ಕೂ ಪಾಲಿದೆ. ಆಂಧ್ರವು ಅದಕ್ಕೆ ಆಕ್ಷೇಪಣೆಯನ್ನೂ ಹೂಡಿದೆ. ಪಾವಗಡದ ಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿ, ಹಲ್ಲು ಮೂಳೆಗಳಿಗೆ ಹಾನಿಯಾಗುತ್ತಿದ್ದುದರಿಂದ ತುಂಗಭದ್ರೆಯ ಹಿನ್ನೀರನ್ನು ಕುಡಿಯುವುದಕ್ಕಾಗಿ ಕೊಳವೆಗಳಲ್ಲಿ ತರುವ ಯೋಜನೆಯೂ ಬಂದಿತು. ಕೆರೆಗಳ ಜೀರ್ಣೋದ್ಧಾರಕ್ಕೆಂದು 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೊರಟ ಯೋಜನೆಯಲ್ಲಿ ತುಮಕೂರು ಜಿಲ್ಲೆಯೂ ಸೇರಿತ್ತು. ಊರಿನವರೇ ಸಂಘ ಕಟ್ಟಿಕೊಂಡು ಕೆರೆಯನ್ನು ನೋಡಿಕೊಳ್ಳಬೇಕೆಂಬುದು ಅದರ ಷರತ್ತು. ನೀರಗಂಟಿಯನ್ನು ನೇಮಿಸಿ ತೂಬಿನ ಸರದಿಯನ್ನು ತಾವೇ ನಡೆಸಿಕೊಂಡಿದ್ದ ಹಳ್ಳಿಗಳಿಗೆ ಆ ಪಾಠವು ವಾಷಿಂಗ್ಟನ್ನಿನಿಂದ ಬರಬೇಕಾಯಿತೆಂಬುದು ವಿಷಾದದ ಮಾತು, ಬಂದದ್ದು ಒಳ್ಳೆಯದೇ.

ಈ ನದಿ, ಕೆರೆ, ಕಾಲುವೆಗಳ ಮಾತೆಲ್ಲವೂ ಕಣ್ಣಿಗೆ ಕಾಣುವ ನೀರಿನ ಮಾತು. ಶೆಟ್ಟರ ಕಾಲದಲ್ಲಿಯೇ ಈ ಸೀಮೆಯ ಬದುಕು ಕಾಣದ ನೀರಿನ ಮೇಲೆ ನಿಂತಿತು. ಹಿಂದೆ ನಲವತ್ತು ಅಡಿಗಳಲ್ಲಿ ಏತಕ್ಕೋ ಕಪಿಲೆಗೋ ಸಿಗುತ್ತಿದ್ದ ನೀರು ಕೊಳವೆ ಬಾವಿಗಳಿಗೆ ಇಳಿದು, ನೂರಾರು ಅಡಿಗಳ ಆಳಕ್ಕೆ ಜಾರಿತು. ದಾಳಿಂಬೆಯ ತೋಟ, ಅಡಕೆಯ ತೋಟ, ಹೊಟೇಲು, ಕಲ್ಯಾಣಮಂಟಪ, ಇಟ್ಟಿಗೆಯ ಗೂಡು, ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ಕುಡಿಯುವ ನೀರನ್ನು ಮಾರುವ ಘಟಕ, ಎಲ್ಲವೂ ಆ ಒಂದೇ ತಳದಿಂದ ಹೀರುತ್ತವೆ. 1892ರ ಕರಾರು ಕೆರೆ ಅಣೆಗಳನ್ನು ಕುರಿತು ಎಷ್ಟೆಲ್ಲ ಎಚ್ಚರಿಕೆಯಿಂದ ಬರೆದರೂ ಈ ನೀರಿನ ಬಗ್ಗೆ ಬರೆದಿಲ್ಲ. ಆಗ ಅದರ ಅಗತ್ಯವಿರಲಿಲ್ಲ. ಅನಂತರ ಅಗತ್ಯ ಬಂದರೂ ಬರೆದವರಿಲ್ಲ. ಆಂಧ್ರದಲ್ಲಿ ನೀರು, ನೆಲ, ಮರಗಳ ಕಾಯಿದೆಯೊಂದು 2002ರಲ್ಲಿ ಆಯಿತು; ಕರ್ನಾಟಕದಲ್ಲಿ ಅಂತರ್ಜಲದ ಕಾಯಿದೆ 2011ರಲ್ಲಿ ಆಯಿತು. ಪ್ರತಿಯೊಂದು ಕಾಯಿದೆಯೂ ತನ್ನ ಗಡಿಕಲ್ಲಿನವರೆಗೆ ಬಂದು ನಿಲ್ಲುತ್ತದೆ; ಕಲ್ಲಿನ ಬಿರುಕುಗಳಲ್ಲಿರುವ ನೀರು ನಿಲ್ಲುವುದಿಲ್ಲ. ಮಡಕಶಿರಾದ ಕಡೆಯ ತೋಟಗಾರನು ಇನ್ನೂ ನೂರಡಿ ಕೊರೆಸಿದರೆ ಗಡಿಯ ಈಚೆಗಿನ ಮಧುಗಿರಿಯವನ ಬಾವಿ ಒಣಗಬಹುದು. ಮಧುಗಿರಿಯವನು ಕೊರೆಸಿದರೆ ಆಚೆಯವನದು. ದೂರು ಕೊಡೋಣವೆಂದರೆ ಕಚೇರಿಯಿಲ್ಲ.

ಇದು ಆಗದ ಕೆಲಸವೆಂದು ಹೇಳುವವರಿಗೆ ಜಿನೀವಾ ನಗರದ ಉದಾಹರಣೆಯುಂಟು. ಸ್ವಿಟ್ಜರ್ಲೆಂಡಿನ ಆ ಪ್ರಾಂತಕ್ಕೂ ಪಕ್ಕದ ಫ್ರಾನ್ಸಿನ ಸವಾಯ್ ಸೀಮೆಗೂ ಕೆಳಗೆ ಅಂತರ್ಜಲದ ಒಂದೇ ಆಗರವಿದೆ. ಇಬ್ಬರೂ ಪಂಪು ಹಾಕಿ ಎತ್ತಿ ಎತ್ತಿ, ಅದು ಅಪಾಯಕರವಾಗಿ ಕುಸಿಯಿತು. 1977ರಲ್ಲಿ ಎರಡು ಕಡೆಯ ಪ್ರಾಂತೀಯ ಅಧಿಕಾರಿಗಳು ಒಡಂಬಡಿಕೆ ಮಾಡಿಕೊಂಡರು. ಜಿನೀವಾದವರು ಆರ್ವ್ ನದಿಯ ನೀರನ್ನು ಶುದ್ಧಿಮಾಡಿ ನೆಲದೊಳಕ್ಕೆ ಇಂಗಿಸಬೇಕು, ಅದರ ಖರ್ಚಿನಲ್ಲಿ ಫ್ರಾನ್ಸಿನವರೂ ಪಾಲು ಕೊಡಬೇಕು, ಬಾವಿಗಳಿಗೆ ಮಾಪಕಗಳಿರಬೇಕು, ಎರಡು ಕಡೆಯವರೂ ಸೇರಿದ ಒಂದು ಸಮಿತಿ ವರ್ಷ ವರ್ಷವೂ ಲೆಕ್ಕ ನೋಡಬೇಕು. ಅವಧಿ ಮುಗಿದ ಮೇಲೆ ಅದನ್ನು ಮತ್ತೆ ನವೀಕರಿಸಿಕೊಂಡರು. ಬೇರೆ ಬೇರೆ ರಾಷ್ಟ್ರಗಳ ಎರಡು ಜಿಲ್ಲೆಗಳಷ್ಟು ದೊಡ್ಡ ಸೀಮೆಗಳು ಹೀಗೆ ಕೂತು ಮಾತಾಡಿದುವು. ತುಮಕೂರು ಜಿಲ್ಲೆಗೂ ನೆರೆಯ ಶ್ರೀ ಸತ್ಯಸಾಯಿ ಜಿಲ್ಲೆಗೂ ನಡುವೆ ಭಾಷೆಯ ತೊಡಕು ಕೂಡ ಅಷ್ಟಿಲ್ಲ.

ಶೆಟ್ಟರ ಮಗನು ಓದಿದವನು. ಎಣ್ಣೆಯ ಗಿರಣಿಗೆ ಇನ್ನು ಹೆಚ್ಚು ಕಾಲವಿಲ್ಲವೆಂದು ತಿಳಿದು, ಕಡಲೆಕಾಯಿ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಮಿಠಾಯಿಯನ್ನೂ ಬೆಣ್ಣೆಯಂಥ ಲೇಹ್ಯವನ್ನೂ ತಯಾರಿಸಿ ಹೊರದೇಶಕ್ಕೆ ಕಳುಹಿಸುವ ಘಟಕವೊಂದನ್ನು ಹಾಕಬೇಕೆಂದು ಆತನ ಆಸೆ. ಇದಕ್ಕೆ ನೀರು ಬೇಕು. ತೊಳೆಯುವುದಕ್ಕೆ, ಹಬೆಗೆ, ಶುಚಿಗೆ. ಕೊಳ್ಳುವ ಪರದೇಶದ ವರ್ತಕರು ನೀರಿನ ಪರೀಕ್ಷೆಯ ಪತ್ರವನ್ನು ಕೇಳುತ್ತಾರೆ. ಫ್ಲೋರೈಡು ಎಷ್ಟು ಎಂದು ಕೇಳುತ್ತಾರೆ. ನೀರನ್ನು ಎಲ್ಲಿಂದ ಎತ್ತುತ್ತೀರಿ, ಅದರಿಂದ ಊರಿನವರಿಗೆ ತೊಂದರೆಯಿಲ್ಲವೆ ಎಂದೂ ಈಚೆಗೆ ಕೇಳುವುದುಂಟು. ಸಾಲ ಕೊಡುವ ಬ್ಯಾಂಕಿನವರ ಅರ್ಜಿಯಲ್ಲಿ 'ನೀರಿನ ಮೂಲ' ಎಂಬ ಅಂಕಣವಿದೆ. ಆತನು ಹಿಂದೂಪುರದ ಕೈಗಾರಿಕಾ ಬಡಾವಣೆಯನ್ನು ಎರಡು ಬಾರಿ ಹೋಗಿ ನೋಡಿಬಂದನು.

"ಅಲ್ಲಿ ಹಾಕೋಣ ಅಪ್ಪಾ, ಅರ್ಧ ಗಂಟೆಯ ದಾರಿ ಹೆಚ್ಚು, ಅಷ್ಟೇ ತಾನೆ?" ಎಂದು ಮಗನ ಮಾತು.

"ನಮ್ಮ ಕಾಯಿ, ನಮ್ಮ ಆಳು, ನೀರಿಗೋಸ್ಕರ ಆಚೆಗೆ ಹೋಗಬೇಕೇನೋ?" ಎಂದು ತಂದೆಯ ಮಾತು.

"ಇಲ್ಲಿ ಹಾಕಿದರೆ ಆ ಅಂಕಣದಲ್ಲಿ ಏನು ಬರೆಯಲಿ, ನೀವೇ ಹೇಳಿ."

ಶೆಟ್ಟರು ತಮ್ಮ ಹುಟ್ಟೂರಿನ ಕೆರೆಯ ಮಾತೆತ್ತಿದರು. ಅದರ ಏರಿ ಒಡೆದು ಎಷ್ಟೋ ವರ್ಷಗಳಾದುವು. ಅಂಗಳದಲ್ಲಿ ಜಾಲಿ ಬೆಳೆದಿದೆ. ಊರಿನವರೆಲ್ಲ ಸೇರಿ ಅದನ್ನು ಕಟ್ಟಿಕೊಂಡರೆ ಸುತ್ತಲಿನ ಬಾವಿಗಳಿಗೆ ಒರತೆ ಬರುತ್ತದೆ, ಘಟಕಕ್ಕೂ ಸಾಕಾಗುತ್ತದೆ, ತಾವೂ ಒಂದಿಷ್ಟು ಹಣ ಹಾಕುವುದುಂಟು ಎಂದು ಅವರ ವಿಚಾರ. ಕೆರೆಯು ಒಡೆದದ್ದು ಯಾವ ಇಸವಿಯೆಂದು ಮಗನು ಕೇಳಿದನು. ಶೆಟ್ಟರು ಪೆಟ್ಟಿಗೆಯಿಂದ ಖಾತೆಯ ಪುಸ್ತಕಗಳನ್ನು ತೆಗೆಸಿ, ಆ ಊರಿನ ಗಿರಾಕಿಗಳ ವಸೂಲಿ ನಿಂತ ಪುಟವನ್ನು ಹುಡುಕತೊಡಗಿದರು.